ಕಡಲಿಗೆ ಚೆಲ್ಲಿದ ಎಣ್ಣೆ ಮತ್ತು ಕಾನೂನಿನ ಕರ್ತವ್ಯ

ಕಡಲಿಗೆ ಎಣ್ಣೆ ಸುರಿಯಬಾರದೆಂಬ ನಿಷೇಧ ಹಳೆಯದು. ಸುರಿದ ಎಣ್ಣೆಯನ್ನು ಇಂಥವರು ತೆಗೆಯಲೇಬೇಕೆಂಬ ಕಟ್ಟಳೆ ತೀರ ಈಚಿನದು. ಬ್ರಿಟನ್ 1922ರಲ್ಲಿಯೂ ಅಮೆರಿಕ 1924ರಲ್ಲಿಯೂ ತಮ್ಮ ಕರಾವಳಿಯ ನೀರಿಗೆ ಹಡಗುಗಳು ಎಣ್ಣೆ ಬಿಡುವುದನ್ನು ಅಪರಾಧವೆಂದು ಸಾರಿದವು. 1954ರ ಲಂಡನ್ ಒಪ್ಪಂದವು ಸಾಮಾನ್ಯವಾಗಿ ತೀರದಿಂದ 50 ಮೈಲಿಗಳವರೆಗಿನ ಸಮುದ್ರವನ್ನು ನಿಷೇಧಿತ ವಲಯವೆಂದು ಗುರುತಿಸಿತು. ಟ್ಯಾಂಕು ತೊಳೆದ ಜಿಡ್ಡುನೀರನ್ನು ಬೇಕೆಂದೇ ಹೊರಬಿಡುವ ಹಡಗುಗಳು ಈ ಕಾನೂನುಗಳ ಗುರಿಯಾಗಿದ್ದವೇ ಹೊರತು, ಹಡಗೇ ಒಡೆದು ಅದರ ಸರಕೆಲ್ಲ ಅಲೆಗಳ ಪಾಲಾದರೆ ಮೊದಲು ಯಾರು ಧಾವಿಸಬೇಕು, ಯಾರ ಖರ್ಚಿನಲ್ಲಿ ಧಾವಿಸಬೇಕು ಎಂಬ ಪ್ರಶ್ನೆಯನ್ನು ಅವು ಎತ್ತಿಕೊಂಡಿರಲಿಲ್ಲ.

1967ರ ಮಾರ್ಚ್ 18ರಂದು ‘ಟೊರಿ ಕ್ಯಾನ್ಯನ್’ ಎಂಬ ಟ್ಯಾಂಕರು ಇಂಗ್ಲೆಂಡಿನ ಕಾರ್ನ್‌ವಾಲ್ ಮತ್ತು ಸಿಲ್ಲಿ ದ್ವೀಪಗಳ ನಡುವಿನ ಸೆವೆನ್ ಸ್ಟೋನ್ಸ್ ಬಂಡೆಗಳಿಗೆ ಅಪ್ಪಳಿಸಿದಾಗ ಈ ಕೊರತೆ ಬಯಲಾಯಿತು. ಕುವೈತಿನಿಂದ ತಂದ ಸುಮಾರು 1,19,000 ಟನ್ ಕಚ್ಚಾ ತೈಲ ಅದರಲ್ಲಿತ್ತು. ಹಡಗಿನ ಬಾವುಟ ಲೈಬೀರಿಯಾದ್ದು, ಮಾಲೀಕ ಕಂಪನಿ ಬರ್ಮುಡಾದ್ದು, ಬಾಡಿಗೆಗೆ ಪಡೆದದ್ದು ಅಮೆರಿಕದ ತೈಲ ಕಂಪನಿ, ಹಾನಿ ಮಾತ್ರ ಬ್ರಿಟನ್ ಮತ್ತು ಫ್ರಾನ್ಸಿನ ಪಾಲಿಗೆ. ಬ್ರಿಟಿಷ್ ಸರ್ಕಾರ ಮೊದಲು ಸುಮಾರು 10,000 ಟನ್ ಮಾರ್ಜಕವನ್ನು ಎಣ್ಣೆಯ ಮೇಲೆ ಸುರಿಸಿತು; ಕೊನೆಗೆ ವಿಮಾನಗಳಿಂದ ಬಾಂಬು ಹಾಕಿಸಿ ಉಳಿದ ತೈಲವನ್ನು ಸುಡಲು ಯತ್ನಿಸಿತು. ತೀರದ ಕಲ್ಲುಬಂಡೆಗಳಿಗೆ ಅಂಟಿ ಬದುಕುವ ಚಿಪ್ಪುಜೀವಿಗಳಿಗೆ ಎಣ್ಣೆಗಿಂತ ಮಾರ್ಜಕವೇ ಹೆಚ್ಚು ಮಾರಕವಾಯಿತೆಂದು ಮುಂದೆ ವಿಜ್ಞಾನಿಗಳು ಕಂಡುಕೊಂಡರು. ಪೂರ್ವಸಿದ್ಧತೆಯಿಲ್ಲದೆ ಕೈಗೆ ಸಿಕ್ಕಿದ್ದನ್ನು ಬಳಸಿದರೆ ಆಗುವುದು ಅದೇ.

ಹಣದ ವಿಷಯ ಇನ್ನೂ ವಿಚಿತ್ರವಾಗಿತ್ತು. ಅಪಘಾತದ ನಂತರ ಹಡಗಿನಲ್ಲಿ ಏನು ಉಳಿಯಿತೋ ಅದರ ಬೆಲೆಗೆ ಮಾಲೀಕನ ಹೊಣೆಯನ್ನು ಸೀಮಿತಗೊಳಿಸುವ ಹಳೆಯ ಕಾಯ್ದೆ ಅಮೆರಿಕದಲ್ಲಿತ್ತು. ಉಳಿದದ್ದು ಒಂದು ಜೀವರಕ್ಷಕ ದೋಣಿ ಮಾತ್ರವಾದ್ದರಿಂದ, ಅದರ ಬೆಲೆಯಾದ 50 ಡಾಲರಿಗೆ ತನ್ನ ಹೊಣೆ ಮುಗಿಯಬೇಕೆಂದು ಮಾಲೀಕ ಕಂಪನಿ ಅಲ್ಲಿನ ನ್ಯಾಯಾಲಯವನ್ನು ಕೋರಿತು. ಬ್ರಿಟಿಷ್ ಸರ್ಕಾರಕ್ಕೆ ಕಂಡ ದಾರಿಯೆಂದರೆ ಅದೇ ಮಾಲೀಕರ ಇನ್ನೊಂದು ಹಡಗನ್ನು, ಅಂದರೆ ಕಡಲ ವ್ಯಾಜ್ಯಗಳ ಕಾನೂನು ‘ಸೋದರಿ ಹಡಗು’ ಎಂದು ಕರೆಯುವುದನ್ನು, ಹಿಡಿಸುವುದು. ‘ಲೇಕ್ ಪಲೂರ್ಡ್’ ಸಿಂಗಪುರಕ್ಕೆ ಬಂದಾಗ ಅದರ ಕೂವೆಮರಕ್ಕೆ ನ್ಯಾಯಾಲಯದ ಆದೇಶವನ್ನು ಅಂಟಿಸಲಾಯಿತು. ಭದ್ರತೆ ಸಿಕ್ಕ ಮೇಲಷ್ಟೇ ಹಡಗು ಬಿಡುಗಡೆಯಾಯಿತು. 1969ರಲ್ಲಿ ಎರಡೂ ದೇಶಗಳಿಗೆ ಸೇರಿ 30 ಲಕ್ಷ ಪೌಂಡ್ ದೊರೆಯಿತು. ಈ ಉಪಾಯ ಇಂದಿಗೂ ಹಳತಾಗಿಲ್ಲ: 2025ರ ಮೇ ತಿಂಗಳಲ್ಲಿ ಕೊಚ್ಚಿಯ ಬಳಿ ‘ಎಂಎಸ್‌ಸಿ ಎಲ್ಸಾ 3’ ಮುಳುಗಿದಾಗ ಕೇರಳ ಸರ್ಕಾರ 9,531 ಕೋಟಿ ರೂಪಾಯಿ ಪರಿಹಾರ ಕೋರಿ ದಾವೆ ಹೂಡಿ, ವಿಳಿಂಜಂ ಬಂದರಿನಲ್ಲಿದ್ದ ಅದೇ ಸಮೂಹದ ಮತ್ತೊಂದು ಹಡಗನ್ನು ತಡೆಹಿಡಿಯುವ ಆದೇಶವನ್ನು ಹೈಕೋರ್ಟಿನಿಂದ ಪಡೆಯಿತು.

ಟೊರಿ ಕ್ಯಾನ್ಯನ್ ಕಲಿಸಿದ ಪಾಠದಿಂದ 1969ರ ನವೆಂಬರಿನಲ್ಲಿ ಬ್ರಸೆಲ್ಸ್‌ನಲ್ಲಿ ಎರಡು ಒಪ್ಪಂದಗಳು ರೂಪುಗೊಂಡವು. ಒಂದು ನಾಗರಿಕ ಹೊಣೆಯ ಒಪ್ಪಂದ: ಟ್ಯಾಂಕರಿನಿಂದ ತೈಲ ಸೋರಿದರೆ ಮಾಲೀಕನ ತಪ್ಪನ್ನು ಸಾಬೀತುಪಡಿಸಬೇಕಾಗಿಲ್ಲ, ಯುದ್ಧದಂಥ ಕೆಲವೇ ಸಂದರ್ಭಗಳ ಹೊರತು ಅವನು ನಿಗದಿತ ಮಿತಿಯವರೆಗೆ ಪರಿಹಾರ ಕೊಡಲೇಬೇಕು, 2,000 ಟನ್ನಿಗಿಂತ ಹೆಚ್ಚು ತೈಲ ಸಾಗಿಸುವವನು ಅದಕ್ಕಾಗಿ ವಿಮೆ ಹೊಂದಿರಲೇಬೇಕು. ಇನ್ನೊಂದು, ತನ್ನ ತೀರಕ್ಕೆ ಗಂಭೀರ ಅಪಾಯ ಒದಗಿದಾಗ ಪರದೇಶದ ಹಡಗಿನ ವಿಷಯದಲ್ಲಿಯೂ ತೆರೆದ ಸಮುದ್ರದಲ್ಲಿ ಕ್ರಮ ಕೈಗೊಳ್ಳುವ ಅಧಿಕಾರವನ್ನು ಕರಾವಳಿ ರಾಷ್ಟ್ರಕ್ಕೆ ಕೊಟ್ಟಿತು. ಹಣ ತೆರುವವನು ಯಾರೆಂಬುದು ಹೀಗೆ ತೀರ್ಮಾನವಾಯಿತು, ಮಧ್ಯೆ ಪ್ರವೇಶಿಸುವ ಹಕ್ಕೂ ಸಿಕ್ಕಿತು. ಆದರೆ ಪ್ರವೇಶಿಸಲೇಬೇಕೆಂಬ ಕರ್ತವ್ಯ ಯಾರ ಮೇಲೂ ಬೀಳಲಿಲ್ಲ.

ಅದಕ್ಕೆ ಇನ್ನೊಂದು ದುರಂತ ಬೇಕಾಯಿತು. 1989ರ ಮಾರ್ಚ್ 24ರಂದು ಅಲಾಸ್ಕಾದಲ್ಲಿ ‘ಎಕ್ಸಾನ್ ವಾಲ್ಡೀಜ್’ ಬಂಡೆಗೆ ತಗುಲಿ ಸುಮಾರು 37,000 ಟನ್ ತೈಲ ಸೋರಿತು. ಅಲ್ಲಿ ಯೋಜನೆಗೆ ಕೊರತೆಯಿರಲಿಲ್ಲ. ಸುದ್ದಿ ತಲುಪಿದ ಐದು ಗಂಟೆಗಳೊಳಗೆ ಸಲಕರಣೆ ಸ್ಥಳಕ್ಕೆ ಬರುವುದೆಂದು ಅದರಲ್ಲಿ ಬರೆದಿತ್ತು. ಸಲಕರಣೆ ಒಯ್ಯಬೇಕಾದ ಬಾರ್ಜು ದುರಸ್ತಿಯಲ್ಲಿದ್ದುದರಿಂದ ನೆರವು ತಲುಪುವ ಹೊತ್ತಿಗೆ ಹನ್ನೆರಡು ಗಂಟೆಗೂ ಹೆಚ್ಚು ಕಳೆದಿತ್ತು. ಮರುವರ್ಷ ಅಮೆರಿಕದ ತೈಲ ಮಾಲಿನ್ಯ ಕಾಯ್ದೆ ಪ್ರತಿ ಟ್ಯಾಂಕರಿಗೂ ಅನುಮೋದಿತ ಪ್ರತಿಕ್ರಿಯಾ ಯೋಜನೆಯನ್ನು ಕಡ್ಡಾಯಗೊಳಿಸಿತು. ಅದೇ 1990ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ಅಂಗೀಕೃತವಾಗಿ 1995ರಲ್ಲಿ ಜಾರಿಗೆ ಬಂದ ತೈಲ ಮಾಲಿನ್ಯ ಸಿದ್ಧತೆ, ಪ್ರತಿಕ್ರಿಯೆ ಮತ್ತು ಸಹಕಾರ ಒಪ್ಪಂದವು ಹಡಗುಗಳು ತುರ್ತು ಯೋಜನೆಯನ್ನು ಹೊಂದಿರಬೇಕು, ಕಪ್ತಾನನು ಸೋರಿಕೆಯನ್ನು ತಡವಿಲ್ಲದೆ ವರದಿ ಮಾಡಬೇಕು, ಪ್ರತಿ ದೇಶವೂ ಹೊಣೆಗಾರ ಸಂಸ್ಥೆಯನ್ನು ಹೆಸರಿಸಿ ರಾಷ್ಟ್ರೀಯ ವ್ಯವಸ್ಥೆಯನ್ನು ಕಟ್ಟಿಕೊಳ್ಳಬೇಕು ಎಂದು ವಿಧಿಸಿತು.

ಭಾರತದಲ್ಲಿ 1958ರ ವಾಣಿಜ್ಯ ನೌಕಾಯಾನ ಕಾಯ್ದೆಗೆ 1983ರಲ್ಲಿ ಸೇರಿಸಿದ ಭಾಗವೊಂದು, ಸೋರುತ್ತಿರುವ ಹಡಗಿನ ಮಾಲೀಕನಿಗೆ ಕ್ರಮ ಕೈಗೊಳ್ಳುವಂತೆ ನೋಟಿಸು ಕೊಡುವ, ಅವನು ಕೇಳದಿದ್ದರೆ ತಾನೇ ಕೈಗೊಂಡು ಖರ್ಚು ವಸೂಲು ಮಾಡುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿತು. 1986ರಲ್ಲಿ ಈ ಕೆಲಸ ತಟರಕ್ಷಣಾ ಪಡೆಯ ಹೆಗಲಿಗೆ ಬಂತು. 1993ರಲ್ಲಿ ರಾಷ್ಟ್ರೀಯ ತೈಲ ಸೋರಿಕೆ ವಿಪತ್ತು ನಿರ್ವಹಣಾ ಯೋಜನೆ ಅಂಗೀಕಾರಗೊಂಡು, ಬಂದರಿನ ಎಲ್ಲೆಯೊಳಗೆ ಬಂದರು ಆಡಳಿತ, ಕಡಲೊಳಗಿನ ತೈಲ ಸ್ಥಾವರಗಳ ಸುತ್ತ 500 ಮೀಟರಿನೊಳಗೆ ಆಯಾ ತೈಲ ಸಂಸ್ಥೆ, ಉಳಿದ ಸಮುದ್ರದಲ್ಲಿ ತಟರಕ್ಷಣಾ ಪಡೆ, ದಡದ ಮೇಲೆ ರಾಜ್ಯ ಸರ್ಕಾರ ಎಂದು ಕೆಲಸವನ್ನು ಹಂಚಿತು. ಯೋಜನೆ ಸ್ಪಷ್ಟವಾಗಿಯೇ ಇದೆ. ಆದರೆ ಈ ಹಂಚಿಕೆಯ ಬಹುಭಾಗ ನಿಂತದ್ದು ಸಂಸತ್ತಿನ ಕಾಯ್ದೆಯ ಮೇಲಲ್ಲ, ಆಡಳಿತದ ದಸ್ತಾವೇಜಿನ ಮೇಲೆ ಎಂಬುದು ಅದರ ದೌರ್ಬಲ್ಯ. ಲೋಪವಾದಾಗ ಇಲಾಖೆಗಳು ಒಂದನ್ನೊಂದು ತೋರಿಸುವುದಕ್ಕೆ ಇದು ಅವಕಾಶ ಕೊಡುತ್ತದೆ. 2017ರ ಜನವರಿಯಲ್ಲಿ ಚೆನ್ನೈ ಬಳಿಯ ಎಣ್ಣೂರಿನಲ್ಲಿ ಎರಡು ಹಡಗುಗಳು ಡಿಕ್ಕಿಯಾದ ಬಳಿಕ ಬಂಡೆಗಳ ನಡುವೆ ಹೆಪ್ಪುಗಟ್ಟಿದ ಕರಿಜಿಡ್ಡನ್ನು ಮೀನುಗಾರರೂ ವಿದ್ಯಾರ್ಥಿಗಳೂ ಬಕೆಟ್ಟುಗಳಲ್ಲಿ ಮೊಗೆದು ಕೈಯಿಂದ ಕೈಗೆ ಸಾಗಿಸಿದರು.

ಕರ್ನಾಟಕದ ಮಟ್ಟಿಗೆ ನೆನೆಯಬೇಕಾದದ್ದು 2006ರ ಮೇ 30. ಮುಂಗಾರಿನ ಹೊಸ್ತಿಲಲ್ಲಿ ‘ಓಷನ್ ಸೆರಾಯಾ’ ಎಂಬ ಪನಾಮಾ ಬಾವುಟದ ಸರಕು ಹಡಗು ಕಾರವಾರದ ಎದುರಿನ ಆಯ್‌ಸ್ಟರ್ ರಾಕ್ಸ್ ಬಳಿ ನೆಲಹತ್ತಿ, ಅದರ ಇಂಧನ ಸುಮಾರು 650 ಟನ್ ಸಮುದ್ರ ಸೇರಿತು. ಅದು ಟ್ಯಾಂಕರಾಗಿರಲಿಲ್ಲ. ಆದ್ದರಿಂದ ತೈಲವನ್ನೇ ಸರಕಾಗಿ ಸಾಗಿಸುವ ಹಡಗುಗಳಿಗೆಂದು ರೂಪಿಸಿದ ನಾಗರಿಕ ಹೊಣೆಯ ಒಪ್ಪಂದ ಅದನ್ನು ಮುಟ್ಟುತ್ತಿರಲಿಲ್ಲ. ಎಲ್ಲ ಬಗೆಯ ಹಡಗುಗಳ ಇಂಧನ ತೈಲಕ್ಕೆ ಅನ್ವಯಿಸುವ 2001ರ ಒಪ್ಪಂದ ಆಗಿನ್ನೂ ಜಾರಿಗೆ ಬಂದಿರಲಿಲ್ಲ, ಬಂದದ್ದು 2008ರ ನವೆಂಬರಿನಲ್ಲಿ. ರಾಷ್ಟ್ರೀಯ ಯೋಜನೆ ಸೋರಿಕೆಗಳನ್ನು ಪ್ರಮಾಣಕ್ಕೆ ತಕ್ಕಂತೆ ಮೂರು ಹಂತಗಳಾಗಿ ವಿಂಗಡಿಸಿ, 700 ಟನ್ನಿನವರೆಗಿನದನ್ನು ಸ್ಥಳೀಯ ಸಾಮರ್ಥ್ಯದಿಂದಲೇ ನಿಭಾಯಿಸಬಹುದಾದ ಮೊದಲ ಹಂತಕ್ಕೆ ಸೇರಿಸುತ್ತದೆ. ಆ ಲೆಕ್ಕದಲ್ಲಿ ಕಾರವಾರದಂಥ ಚಿಕ್ಕ ಬಂದರೂ ಅದರ ಹಿಂದಿನ ಮೀನುಗಾರರ ಕೇರಿಗಳೂ ಎದುರಿಸಿದ್ದು ಮೊದಲ ಹಂತದ ಸೋರಿಕೆಯನ್ನು.