ಒರಟು ಕವಚದ ಬೆಲೆ

1968ರ ಟೋಕಿಯೊ ಮೋಟಾರು ಪ್ರದರ್ಶನದಲ್ಲಿ ಹೋಂಡಾ ಕಂಪನಿ ಸಿಬಿ 750 ಬೈಕನ್ನು ಜನರ ಮುಂದಿಟ್ಟಿತು. 736 ಸಿ.ಸಿ. ಎಂಜಿನ್, ನಾಲ್ಕು ಸಿಲಿಂಡರ್, ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್, ಗುಂಡಿ ಒತ್ತಿದರೆ ಶುರುವಾಗುವ ಸೌಕರ್ಯ.

ಇಷ್ಟು ದೊಡ್ಡ ಬೈಕನ್ನು ಎಷ್ಟು ಜನ ಕೊಂಡಾರು ಎಂಬ ಅನುಮಾನ ಕಂಪನಿಗೇ ಇತ್ತು. ಆದ್ದರಿಂದ ದುಬಾರಿ ಡೈಕಾಸ್ಟಿಂಗ್ ಅಚ್ಚುಗಳಿಗೆ ಹಣ ಸುರಿಯದೆ, ಮೊದಲ ಏಳು ಸಾವಿರಕ್ಕೂ ಹೆಚ್ಚು ಬೈಕುಗಳ ಎಂಜಿನ್ ಕವಚವನ್ನು ಅಗ್ಗದ ಎರಕದಲ್ಲಿ ತಯಾರಿಸಿತು. ಮೇಲ್ಮೈ ಒರಟಾಗಿದ್ದುದರಿಂದ ಅವಕ್ಕೆ 'ಸ್ಯಾಂಡ್‌ಕಾಸ್ಟ್' ಎಂಬ ಹೆಸರು ಬಂತು. ಬೇಡಿಕೆ ಉಕ್ಕಿದೊಡನೆ, 1969ರಲ್ಲೇ, ವಿಧಾನ ಬದಲಾಯಿತು. ಅಂದಿನ ಆ ಒರಟುತನವೇ ಇಂದು ಸಂಗ್ರಾಹಕರ ಪಾಲಿಗೆ ಚಿನ್ನ.

ತೊಡಕಿರುವುದೂ ಇಲ್ಲೇ. ಓಡುವಾಗ ಚೈನು ತುಂಡಾದರೆ ಕವಚಕ್ಕೆ ಬಡಿದು ಅದನ್ನು ಸೀಳಬಹುದು. ಅಂಥದೇ ಇನ್ನೊಂದು ಕವಚ ಸಿಗುವುದು ದುರ್ಲಭ. ಹಾಗೆಂದು ಓಡಿಸದೆ ನಿಲ್ಲಿಸಿದರೆ? ಹಳೆಯ ಪೆಟ್ರೋಲು ಅಂಟಾಗಿ ಕಾರ್ಬುರೇಟರಿನ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ, ಟ್ಯಾಂಕಿನ ಒಳಗೆ ತುಕ್ಕು ಹಿಡಿಯುತ್ತದೆ, ರಬ್ಬರು ಸೀಲುಗಳು ಬಿರಿಯುತ್ತವೆ.

ಬಲ್ಲವರು ಹಿಡಿಯುವುದು ನಡುವಿನ ದಾರಿ. ಚೈನಿನ ಬಿಗಿಯನ್ನು ಆಗಾಗ ನೋಡುತ್ತಾರೆ, ಸವೆದರೆ ಬದಲಿಸುತ್ತಾರೆ. ನಾಲ್ಕೂ ಕಾರ್ಬುರೇಟರುಗಳು ಒಂದೇ ಸಮನೆ ಗಾಳಿ ಎಳೆಯುವಂತೆ ಹೊಂದಿಸುತ್ತಾರೆ. ಆಮೇಲೆ ರಸ್ತೆಗಿಳಿಸುತ್ತಾರೆ. ಯಂತ್ರ ಉಳಿಯುವುದು ಬೀರುವಿನಲ್ಲಲ್ಲ, ಬಳಕೆಯಲ್ಲಿ.