ಎಣ್ಣೆ ಸೋರುವ ಎಂಜಿನ್ನುಗಳ ಇತಿಹಾಸ

ಹಳೆಯ ಇಂಗ್ಲಿಷ್ ಮೋಟಾರ್‌ಸೈಕಲ್ ನಿಂತಲ್ಲೆಲ್ಲ ಎಣ್ಣೆಯ ಗುರುತು ಬಿಟ್ಟೇ ಹೋಗುತ್ತದೆ ಎಂಬುದು ಇಂಗ್ಲೆಂಡಿನಲ್ಲಿ ಬಹುಕಾಲದ ಹಾಸ್ಯ. ಬರ್ಮಿಂಗ್‌ಹ್ಯಾಮ್ ಸಮೀಪದಲ್ಲಿ ನೆಲೆಸಿ, ಬಿಡುವಿನ ವೇಳೆಯಲ್ಲಿ ಇಂಥ ಎಂಜಿನ್ನುಗಳನ್ನು ಬಿಚ್ಚಿ ಜೋಡಿಸುವ ಹವ್ಯಾಸ ಬೆಳೆಸಿಕೊಂಡ ನನಗೆ, ಆ ಹಾಸ್ಯದ ಹಿಂದೆ ಒಂದು ಉದ್ಯಮದ ಇತಿಹಾಸವೇ ಅಡಗಿರುವುದು ಕಂಡಿದೆ. ಸೋರಿಕೆಯನ್ನು ನಿಲ್ಲಿಸಬಯಸುವವರು ಆ ಇತಿಹಾಸವನ್ನೂ ಅರಿತಿರುವುದು ಒಳ್ಳೆಯದು.

ಎಡ್ವರ್ಡ್ ಟರ್ನರ್ ರೂಪಿಸಿದ ಟ್ರಯಂಫ್ ಸ್ಪೀಡ್ ಟ್ವಿನ್ 1937ರಲ್ಲಿ ಪ್ರಕಟವಾಯಿತು. ಅದರ ಎರಡು ಪಿಸ್ಟನ್ನುಗಳು ಒಟ್ಟಿಗೇ ಏರಿ ಒಟ್ಟಿಗೇ ಇಳಿಯುತ್ತವೆ. ಇಳಿದಾಗಲೆಲ್ಲ ಕೆಳಗಿನ ಕ್ರ್ಯಾಂಕ್‌ಕೇಸಿನ ಗಾಳಿ ಒತ್ತಲ್ಪಡುತ್ತದೆ. ಆ ಗಾಳಿ ಹೊರಹೋಗಲೆಂದು ಕ್ಯಾಮ್‌ಶಾಫ್ಟಿನಿಂದ ತಿರುಗುವ ಚಿಕ್ಕ ಬ್ರೀದರ್ ಕವಾಟವಿತ್ತು. ಪಿಸ್ಟನ್ ರಿಂಗುಗಳು ಸವೆದಂತೆ ಒತ್ತಡ ಹೆಚ್ಚಿ, ಕವಾಟದಿಂದ ಹೋಗಲಾರದ ಗಾಳಿ ಎಲ್ಲ ಸಂದುಗಳಿಂದಲೂ ಎಣ್ಣೆಯನ್ನು ಹೊರಗೆ ತಳ್ಳುತ್ತಿತ್ತು. ಸಂದುಗಳೋ ಹಲವು. ಕ್ರ್ಯಾಂಕ್‌ಕೇಸು ಕಡಲೆಕಾಯಿ ಬೀಜದ ಎರಡು ಬೇಳೆಗಳಂತೆ ಲಂಬವಾಗಿ ಸೀಳಿದ್ದು, ಆ ಸೀಳು ಎಣ್ಣೆ ಸೇರುವ ತಳದಲ್ಲಿಯೇ ಹಾದುಹೋಗುತ್ತದೆ. ಮೇಲಿನ ಪುಷ್‌ರಾಡ್ ಕೊಳವೆಗಳ ಸೀಲುಗಳೂ ರಾಕರ್ ಬಾಕ್ಸಿನ ಮುಚ್ಚಳಗಳೂ ಬಿಸಿಯಿಂದ, ಕಂಪನದಿಂದ ಸಡಿಲಗೊಳ್ಳುತ್ತವೆ.

500 ಸಿ.ಸಿ.ಯಿಂದ ಆರಂಭವಾದ ಈ ವಿನ್ಯಾಸವೇ ಬೆಳೆಯುತ್ತ 1970ರ ದಶಕದಲ್ಲಿ 750 ಸಿ.ಸಿ. ತಲುಪಿತು. ಅಷ್ಟರಲ್ಲಿ, 1969ರಲ್ಲಿ, ಹೋಂಡಾ ಸಿಬಿ 750 ಬಂದಿತ್ತು. ಅದರ ಕ್ರ್ಯಾಂಕ್‌ಕೇಸು ಅಡ್ಡಲಾಗಿ ಸೀಳಿದ್ದರಿಂದ ಮುಖ್ಯ ಸಂದು ತಳದ ಎಣ್ಣೆಗಿಂತ ಮೇಲಕ್ಕಿತ್ತು. ಟ್ರಯಂಫ್‌ನವರು 1970ರ ಮಾದರಿಗಳಲ್ಲಿ ಹಳೆಯ ಬ್ರೀದರ್ ಕವಾಟವನ್ನು ಕೈಬಿಟ್ಟು, ಗಾಳಿಗೆ ಅಗಲವಾದ ದಾರಿ ಕಲ್ಪಿಸಿದರು. ಸುಧಾರಣೆ ಸರಿಯಾದುದೇ, ಆದರೆ ತಡವಾಗಿತ್ತು. ಮೆರಿಡನ್ ಕಾರ್ಖಾನೆ 1983ರಲ್ಲಿ ಮುಚ್ಚಿತು. ಅದಕ್ಕೆ ಎಣ್ಣೆ ಸೋರಿಕೆಯೊಂದೇ ಕಾರಣವಲ್ಲ. ಹಳೆಯ ಯಂತ್ರೋಪಕರಣಗಳಲ್ಲೇ ಕೆಲಸ ಸಾಗಿಸಿದ ಪರಿಪಾಠದ ಹೊರಗೆ ಕಾಣುವ ಲಕ್ಷಣ ಅದಾಗಿತ್ತು.

ಇನ್ನು ದುರಸ್ತಿಯ ಮಾತು. ಎಣ್ಣೆ ತೊಟ್ಟಿಕ್ಕುವ ಜಾಗವೇ ಸೋರುವ ಜಾಗವಾಗಿರಬೇಕೆಂದಿಲ್ಲ. ಮೇಲಿನಿಂದ ಇಳಿದ ಎಣ್ಣೆಯನ್ನು ಗಾಳಿ ಹಿಂದಕ್ಕೆ ಹರಡಿರುತ್ತದೆ. ಎಂಜಿನ್ ತೊಳೆದು ಒಣಗಿಸಿ, ಟಾಲ್ಕಮ್ ಪೌಡರ್ ಉದುರಿಸಿ, ಸ್ವಲ್ಪ ದೂರ ಓಡಿಸಿದರೆ ಬಿಳಿಯ ಪುಡಿಯ ಮೇಲೆ ಮೂಲ ತಾನಾಗಿ ಕಾಣುತ್ತದೆ. ಮೊದಲು ಬ್ರೀದರ್ ಕೊಳವೆ ಕಟ್ಟಿಕೊಂಡಿಲ್ಲವೆಂದು ನೋಡಬೇಕು. ವಾರಗಟ್ಟಲೆ ನಿಂತ ಗಾಡಿಯಲ್ಲಿ ಟ್ಯಾಂಕಿನ ಎಣ್ಣೆ ಪಂಪಿನ ಗೋಲಿ ಕವಾಟದ ಮೂಲಕ ಜಿನುಗಿ ತಳಕ್ಕಿಳಿದು, ಚಾಲೂ ಮಾಡಿದಾಗ ಬ್ರೀದರಿನಿಂದ ಉಕ್ಕುವುದುಂಟು. ಅಲ್ಲಿ ಗ್ಯಾಸ್ಕೆಟ್ ಬದಲಿಸಿ ಫಲವಿಲ್ಲ. ಗೋಲಿ ಕೂರುವ ಜಾಗವನ್ನು ಶುಚಿಗೊಳಿಸಬೇಕು. ಡೊಂಕಾದ ಮುಚ್ಚಳವನ್ನು ದಪ್ಪ ಗಾಜಿನ ಮೇಲಿಟ್ಟ ನಯವಾದ ಎಮರಿ ಕಾಗದದಲ್ಲಿ ಉಜ್ಜಿ ಸಮಗೊಳಿಸಬೇಕು. ತಾಮ್ರದ ಗ್ಯಾಸ್ಕೆಟ್ಟನ್ನು ಕೆಂಪಗೆ ಕಾಯಿಸಿ ನೀರಿಗದ್ದಿದರೆ ಅದು ಮತ್ತೆ ಮೆತ್ತಗಾಗುತ್ತದೆ. ಸೋರುತ್ತದೆಂದು ಬೋಲ್ಟನ್ನು ಅತಿಯಾಗಿ ಬಿಗಿದರೆ ಮುಚ್ಚಳ ಇನ್ನಷ್ಟು ಬಾಗುತ್ತದೆ. ಅಂಟನ್ನು ಧಾರಾಳವಾಗಿ ಮೆತ್ತಿದರೆ ಅದರ ಚೂರುಗಳು ಒಳಗೆ ಕಳಚಿ, ಎಣ್ಣೆಯ ದಾರಿಯನ್ನೇ ಮುಚ್ಚಿಬಿಡಬಹುದು.

ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿಗಳಲ್ಲಿ ಇದೇ ಸಮಸ್ಯೆ ಬೇರೆ ರೂಪ ತಾಳುತ್ತದೆ. 1960ರ ದಶಕದ ಆರಂಭದಿಂದ 1996ರವರೆಗೆ ಅಲ್ಲಿ ತಯಾರಾದ ಜಾವಾ, ಯೆಜ್ಡಿಗಳದು ಎರಡು ಸ್ಟ್ರೋಕಿನ ಎಂಜಿನ್. ಎಣ್ಣೆ ಪೆಟ್ರೋಲಿನೊಂದಿಗೇ ಬೆರೆತು ಉರಿಯುತ್ತದೆ. ಇಲ್ಲಿ ಕ್ಲಚ್ ಬದಿಯ ಕ್ರ್ಯಾಂಕ್ ಸೀಲು ಸವೆದರೆ ಗೇರ್ ಎಣ್ಣೆ ಒಳಕ್ಕೇ ಎಳೆಯಲ್ಪಡುತ್ತದೆ. ನೆಲದ ಮೇಲೆ ಹನಿಯೂ ಬೀಳುವುದಿಲ್ಲ. ಹೊಗೆ ಹೆಚ್ಚುತ್ತದೆ, ಗೇರ್‌ಬಾಕ್ಸಿನ ಎಣ್ಣೆ ಇಳಿಯುತ್ತದೆ. ಇಂಗ್ಲಿಷ್ ಎಂಜಿನ್ನಿನ ಮದ್ದು ಇದಕ್ಕೆ ನಾಟುವುದಿಲ್ಲ.

ಟ್ರಯಂಫ್ ಎಂಜಿನ್ನುಗಳ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕಗಳು ಸಾಕಷ್ಟಿವೆ. ಆದರೆ ಹೊಗೆಯ ಬಣ್ಣ ನೋಡಿಯೇ ಜಾವಾದ ಸೀಲಿನ ಸ್ಥಿತಿ ಹೇಳಬಲ್ಲ ಮೈಸೂರಿನ ಮೆಕ್ಯಾನಿಕ್ಕುಗಳ ತಿಳಿವಳಿಕೆ ಬಹುಮಟ್ಟಿಗೆ ಅವರ ಕೈಯಲ್ಲಿ, ಕಿವಿಯಲ್ಲಿ ಮಾತ್ರ ಉಳಿದಿದೆ. ಅವರಿಗೂ ವಯಸ್ಸಾಗುತ್ತಿದೆ. ಈ ಸಮ್ಮೇಳನಕ್ಕೆ ಬಂದಿರುವ ಪ್ರತಿನಿಧಿಗಳಲ್ಲಿ ಆ ಕಾರ್ಖಾನೆಯಲ್ಲಿ ದುಡಿದವರ ಮಕ್ಕಳೂ ಬಂಧುಗಳೂ ಇರಬಹುದು. ಮುಂದಿನ ಬಾರಿ ಊರಿಗೆ ಹೋದಾಗ ಆ ಹಿರಿಯರ ಬಳಿ ಕುಳಿತು, ಅವರು ಹೇಳುವುದನ್ನು ಧ್ವನಿಮುದ್ರಿಸಿಕೊಂಡು ಕನ್ನಡದಲ್ಲಿ ಬರೆದಿಡಬೇಕೆಂದು ನನ್ನ ವಿನಂತಿ.