ನೊಡ್ಡಾಕ್, ಇಡಾ (1896–1978)

ಜರ್ಮನಿಯ ರಸಾಯನವಿಜ್ಞಾನಿ. ರೀನಿಯಮ್ ಧಾತುವನ್ನು ಗುರುತಿಸಿದ ಮೂವರಲ್ಲಿ ಒಬ್ಬರು. ಹುಟ್ಟಿದ್ದು ರೈನ್ ಸೀಮೆಯ ವೇಸೆಲ್ ಬಳಿಯ ಲಾಕ್‌ಹೌಸೆನ್‌ನಲ್ಲಿ. ತವರಿನ ಹೆಸರು ಟಾಕೆ. ಬರ್ಲಿನ್‌ನಲ್ಲಿ ಓದಿ 1921ರಲ್ಲಿ ಡಾಕ್ಟರೇಟ್ ಪಡೆದರು. 1926ರಲ್ಲಿ ಸಹೋದ್ಯೋಗಿ ವಾಲ್ಟರ್ ನೊಡ್ಡಾಕ್‌ರನ್ನು ಮದುವೆಯಾದರು. ವೃತ್ತಿಜೀವನದ ಬಹುಭಾಗ ಸಂಬಳವಿಲ್ಲದೆ ದುಡಿದರು.

1925ರಲ್ಲಿ ಇಡಾ, ವಾಲ್ಟರ್ ಮತ್ತು ಆಟೊ ಬೆರ್ಗ್ ಆವರ್ತ ಕೋಷ್ಟಕದಲ್ಲಿ ಖಾಲಿ ಉಳಿದಿದ್ದ 75 ಮತ್ತು 43ನೆಯ ಧಾತುಗಳನ್ನು ಎಕ್ಸ್-ಕಿರಣ ರೋಹಿತದಲ್ಲಿ ಕಂಡೆವೆಂದು ಪ್ರಕಟಿಸಿದರು. ಮೊದಲನೆಯದು ನಿಂತಿತು: 1928ರ ಹೊತ್ತಿಗೆ 660 ಕಿಲೊಗ್ರಾಂ ಮಾಲಿಬ್ಡಿನೈಟ್ ಅದಿರಿನಿಂದ 1 ಗ್ರಾಂ ರೀನಿಯಮ್ ತೆಗೆದರು. (1908ರಲ್ಲಿ ಜಪಾನಿನ ಮಸಾತಾಕ ಒಗಾವ 43 ಎಂದು ತಪ್ಪಾಗಿ ಗುರುತಿಸಿದ್ದೂ ಇದೇ ಧಾತುವೆಂದು ಈಚಿನ ಮರುಪರಿಶೀಲನೆ ಹೇಳುತ್ತದೆ.) ಎರಡನೆಯದಾದ ‘ಮಸೂರಿಯಮ್’ ಕೈಗೆ ಸಿಗಲೇ ಇಲ್ಲ. 1937ರಲ್ಲಿ ಪಲೆರ್ಮೊದಲ್ಲಿ ಪೆರಿಯರ್ ಮತ್ತು ಸೆಗ್ರೆ 43ನ್ನು ಖಚಿತವಾಗಿ ತೋರಿಸಿದರು. ಅದೇ ಇಂದಿನ ಟೆಕ್ನೀಶಿಯಮ್. 1988ರಲ್ಲಿ ಪೀಟರ್ ವಾನ್ ಅಸ್ಶೆ ಹಳೆಯ ದಾಖಲೆಗಳನ್ನು ಮತ್ತೆ ಲೆಕ್ಕಹಾಕಿ, ಅದಿರಿನ ಯುರೇನಿಯಮ್ ತಾನಾಗಿ ಒಡೆದು ಹುಟ್ಟಿದ ಟೆಕ್ನೀಶಿಯಮ್ಮನ್ನೇ ಇಡಾ ತಂಡ 1925ರಲ್ಲಿ ಕಂಡಿರಬಹುದೆಂದು ವಾದಿಸಿದರು. ಅಂಥ ಅದಿರಿನಲ್ಲಿ ಇರಬಹುದಾದ ಪ್ರಮಾಣ ಅಂದಿನ ಉಪಕರಣಕ್ಕೆ ನಿಲುಕುವಂಥದಲ್ಲ ಎಂದು ಪಾಲ್ ಕುರೋಡ ಅಲ್ಲಗಳೆದರು. ಕುರೋಡರ ಆಕ್ಷೇಪವೇ ಹೆಚ್ಚು ಬಲವಾದದ್ದು. ಆದರೂ ಇಡಾ ತಂಡದ ಮೇಲೆ ವಂಚನೆಯ ಆರೋಪ ಹೊರಿಸಲು ಆಧಾರವಿಲ್ಲ.

ಇಡಾ ಪರಮಾಣು ನ್ಯೂಕ್ಲಿಯಸ್ ಒಡೆಯುವ ವಿದಳನವನ್ನು ಕಂಡುಹಿಡಿದರೆಂಬ ಮಾತೂ ಪ್ರಚಾರದಲ್ಲಿದೆ. ಅದು ನಿಜವಲ್ಲ, ನಡೆದದ್ದನ್ನು ಬಿಡಿಸಿ ನೋಡಬೇಕು. 1934ರಲ್ಲಿ ರೋಮ್‌ನ ಎನ್ರಿಕೊ ಫರ್ಮಿ ಯುರೇನಿಯಮ್ ಮೇಲೆ ನ್ಯೂಟ್ರಾನ್ ಹಾಯಿಸಿ, 93ನೆಯ ಧಾತು ಹುಟ್ಟಿರಬಹುದೆಂದರು. ಅವರು ಯುರೇನಿಯಮ್‌ನಿಂದ ಸೀಸದವರೆಗಿನ ಧಾತುಗಳನ್ನಷ್ಟೇ ಪರೀಕ್ಷಿಸಿ ಕೈಬಿಟ್ಟಿದ್ದರು. ಗೊತ್ತಿರುವ ಎಲ್ಲ ಧಾತುಗಳನ್ನೂ ಹೊರಗಿಡದೆ ಹೊಸದೆನ್ನುವಂತಿಲ್ಲ ಎಂದು ಇಡಾ ಅದೇ ವರ್ಷ ಬರೆದರು. ಭಾರವಾದ ನ್ಯೂಕ್ಲಿಯಸ್ ಹಲವು ದೊಡ್ಡ ತುಂಡುಗಳಾಗಿ ಒಡೆಯಬಹುದು ಎಂದೂ ಸೇರಿಸಿದರು. ಪ್ರಯೋಗ ಮಾಡಲಿಲ್ಲ, ಲೆಕ್ಕವನ್ನೂ ಕೊಡಲಿಲ್ಲ. ಸಣ್ಣ ಚೂರುಗಳಷ್ಟೇ ಸಿಡಿಯಬಲ್ಲವು ಎಂದು ಅಂದಿನ ಸಿದ್ಧಾಂತ ನಂಬಿತ್ತು. ಮಸೂರಿಯಮ್ ಕುರಿತ ಅನುಮಾನ ಅವರ ಮಾತಿನ ತೂಕವನ್ನೂ ಇಳಿಸಿತ್ತು. ಹಾಗಿದ್ದರೂ ರಸಾಯನದ ಮಟ್ಟಿಗೆ ಆಕ್ಷೇಪ ಪೂರ್ತಿ ಸರಿಯಾಗಿತ್ತು. ಅದನ್ನು ಯಾರಾದರೂ ಪರೀಕ್ಷಿಸಿದ್ದರೆ ನಾಲ್ಕು ವರ್ಷ ಉಳಿಯುತ್ತಿತ್ತು. 1938ರ ಡಿಸೆಂಬರಿನಲ್ಲಿ ಆಟೊ ಹಾನ್ ಮತ್ತು ಸ್ಟ್ರಾಸ್‌ಮನ್ ಯುರೇನಿಯಮ್‌ನಿಂದ ಬೇರಿಯಮ್ ಹುಟ್ಟುವುದನ್ನು ಪತ್ತೆಮಾಡಿದರು. ಅದು ನ್ಯೂಕ್ಲಿಯಸ್ ಒಡೆದದ್ದರ ಫಲವೆಂದು ಮೈಟ್ನರ್ ಮತ್ತು ಫ್ರಿಶ್ ಭೌತಿಕ ವಿವರಣೆ ಕೊಟ್ಟರು. ತಮ್ಮ 1934ರ ಲೇಖನವನ್ನು ಹಾನ್ ಉಲ್ಲೇಖಿಸಲಿಲ್ಲವೆಂದು 1939ರಲ್ಲಿ ಇಡಾ ಪ್ರತಿಭಟಿಸಿದರು. ಹಾನ್ ಉತ್ತರಿಸಲಿಲ್ಲ.

ಮುಂದೆ ಜರ್ಮನ್ ಆಕ್ರಮಿತ ಸ್ಟ್ರಾಸ್‌ಬರ್ಗ್‌ನಲ್ಲೂ 1956ರಿಂದ ಬಾಂಬೆರ್ಗ್‌ನಲ್ಲೂ ಕೆಲಸಮಾಡಿದರು. ನೊಬೆಲ್ ಬಹುಮಾನಕ್ಕೆ ಹಲವು ಬಾರಿ ಹೆಸರು ಸೂಚಿತವಾದರೂ ದೊರೆಯಲಿಲ್ಲ.